ನಲವತ್ತಾರು ಅತಿಥಿಗಳ ಫುಟ್ಬಾಲ್

ಆಮಂತ್ರಣ ಪತ್ರಿಕೆಯಲ್ಲಿ ನಲವತ್ತಾರು ಹೆಸರುಗಳಿದ್ದವು. ಫುಟ್ಬಾಲ್ ಆಡುವವರ ಹೆಸರು ಒಂದೂ ಇರಲಿಲ್ಲ. ಇದನ್ನು ಮೊದಲು ಪತ್ತೆ ಹಚ್ಚಿದವಳು ಭುಜಂಗನ ಮಗಳು ಅನುಷ್ಕಾ. ಅವಳೇ ಆ ತಂಡದ ಗೋಲ್‌ಕೀಪರ್.

"ಪಪ್ಪಾ, ಹಮಾರಾ ನಾಮ್ ಕಿಧರ್ ಹೈ?" ಎಂದು ಅವಳು ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದಳು.

"ಜಾಗ ಉಳಿಯಲಿಲ್ಲ," ಎಂದ ಭುಜಂಗ. "ಆಡುವವರು ಹೆಸರು ಹಾಕದಿದ್ರೂ ಬರ್ತಾರೆ. ನೋಡುವವರು ಬರುವುದಿಲ್ಲ. ನಿಂಗೆ ಮೈದಾನ ಬೇಕಾ, ಹೆಸರು ಬೇಕಾ?"

ಅವಳಿಗೆ ಎರಡೂ ಬೇಕಿತ್ತು. ಆದ್ದರಿಂದ ಒಳಗೆ ಹೋಗಿ ಬಾಗಿಲನ್ನು ಎಷ್ಟು ಜೋರಾಗಿ ಹಾಕಿಕೊಂಡಳೆಂದರೆ ಮೇಲಿನ ಮಹಡಿಯ ಸಿಂಧಿ ಮುದುಕಿ ಇಣುಕಿ, ಏನಾಯಿತು ಎಂದು ಕೇಳಿದಳು. "ಫುಟ್ಬಾಲ್!" ಎಂದು ಭುಜಂಗ ಕಿರುಚಿದ. ಆ ಮನೆಯ ಸಿಟ್ಟು ಒಬ್ಬರಿಂದ ಒಬ್ಬರಿಗೆ ಇಳಿದು ಬಂದದ್ದು. ಹುಡುಗಿಯನ್ನು ದೂರಿ ಫಲವಿಲ್ಲ.

ವಿಷಯ ಇಷ್ಟು. ಮುಂಬಯಿ ಪಕ್ಕದ ಠಾಣೆ ಊರಿನ ಕೋಪರಿಯಲ್ಲಿ ಭುಜಂಗ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರ್. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಅವನು ಕೋಪರಿ ಕನ್ನಡ ಸಂಘದ ಉಪಾಧ್ಯಕ್ಷ. ಹನ್ನೊಂದು ವರ್ಷಗಳಿಂದ ಉಪಾಧ್ಯಕ್ಷ. ಆ 'ಉಪ' ಎಂಬುದು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಅವನನ್ನು ಪ್ರತಿ ಹೆಜ್ಜೆಗೂ ಚುಚ್ಚುತ್ತಿತ್ತು. ಸಂಘದ ಹೆಸರಿನಲ್ಲಿ ಹುಡುಗಿಯರ ಫುಟ್ಬಾಲ್ ತಂಡವೊಂದಿತ್ತು. ಅದಕ್ಕೆ ಆಡಲು ಜಾಗವಿರಲಿಲ್ಲ. ಡೊಂಬಿವಲಿಯಲ್ಲಿ ಒಂದು ಟ್ರಸ್ಟಿನವರು ತಮ್ಮ ಮೈದಾನವನ್ನು ಭಾನುವಾರ ಬೆಳಿಗ್ಗೆ ವರ್ಷಪೂರ್ತಿ ಒಂದೇ ಒಂದು ಹುಡುಗಿಯರ ತಂಡಕ್ಕೆ ಬಿಟ್ಟುಕೊಡಲು ತಯಾರಿದ್ದರು. ಅರ್ಜಿ ಹಾಕಿದವರು ಇಬ್ಬರು: ಕೋಪರಿಯವರು ಮತ್ತು ಶಹಾಡಿನವರು.

ಟ್ರಸ್ಟಿನ ಮೈದಾನ ನೋಡಿಕೊಳ್ಳುವ ಸೂರಜ್ ಎಂಬ ಮರಾಠಿ ಮನುಷ್ಯ ಇಬ್ಬರನ್ನೂ ಕರೆಸಿ, ಹಲ್ಲುಕಡ್ಡಿ ಕಚ್ಚುತ್ತಲೇ ತೀರ್ಪು ಹೇಳಿದ. "ಬಹಳ ತಂಡಗಳನ್ನು ನೋಡಿದ್ದೇನೆ. ಗ್ಯಾಲರಿಯಲ್ಲಿ ನಾಯಿ ಮಲಗಿರುತ್ತದೆ, ಕೆಳಗೆ ಮ್ಯಾಚು ನಡೆಯುತ್ತದೆ. ನನಗೆ ಜನ ಬೇಕು. ಬರುವ ಭಾನುವಾರ ನೀವಿಬ್ಬರೂ ಆಡಿ. ಪೂರ್ವದ ಗ್ಯಾಲರಿ ಕೋಪರಿಯವರದು, ಪಶ್ಚಿಮದ್ದು ಶಹಾಡಿನವರದು. ನಾನು ಎಣಿಸುತ್ತೇನೆ. ಯಾರ ಗ್ಯಾಲರಿಯಲ್ಲಿ ನೋಡುವವರು ಹೆಚ್ಚೋ ಅವರಿಗೆ ಮೈದಾನ. ಗೋಲು ಯಾರಾದರೂ ಹೊಡೆದುಕೊಳ್ಳಲಿ."

ಶಹಾಡಿನ ತಂಡದ ಪರವಾಗಿ ಬಂದಿದ್ದವನು ಮಹಾದೇವಪ್ಪ. ಕಲಬುರಗಿ ಕಡೆಯವನು, ಗೋದಾಮಿನಲ್ಲಿ ಲೋಡಿಂಗ್ ಮಾಡಿಸುವ ಮುಕದ್ದಮ. ಅವನು ಸುಮ್ಮನೆ ಮಾತಿಗೆಂದು ಕೇಳಿದ, "ನಿಮ್ಮ ಕಡೀಲಿಂದ ಎಷ್ಟ್ ಮಂದಿ ಬರ್ತಾರ್ರಿ, ಸೇಠ್ರ?"

ಅದರಲ್ಲಿ ಕೆಣಕುವಂಥದ್ದು ಏನೂ ಇರಲಿಲ್ಲ. ಭುಜಂಗನಿಗೆ ಮಾತ್ರ ಅಲ್ಲಿ ತನ್ನ ಇಡೀ ಉಡುಪಿ ಜಿಲ್ಲೆಗೇ ಅವಮಾನವಾದಂತೆ ಕಂಡಿತು. "ಇನ್ನೂರು!" ಎಂದು ಮೇಜು ಗುದ್ದಿದ. "ಇನ್ನೂರಕ್ಕೆ ಒಂದು ಕಡಿಮೆಯಾದ್ರೆ ನನ್ನ ಹೆಸರು ಭುಜಂಗ ಅಲ್ಲ!"

"ಚೊಲೋ ಆತು," ಎಂದ ಮಹಾದೇವಪ್ಪ. "ನಮ್ಮವ್ರು ನೂರ್ ಮಂದಿ ಆಗಬಹುದ್ರಿ. ಅವತ್ತ ರಜಾ ಇರ್ತದ."

ಇನ್ನೂರು ಜನರನ್ನು ತರುವುದು ದೊಡ್ಡ ಮಾತಲ್ಲ ಎಂದೇ ಭುಜಂಗ ಅಂದುಕೊಂಡಿದ್ದ. ಸಂಘದ ಸದಸ್ಯರೇ ನಾನೂರು ಮಂದಿ. ಆದರೆ ವಾಗ್ಳೆ ಎಸ್ಟೇಟಿನಲ್ಲಿ ಪ್ಯಾಕಿಂಗ್ ಡಬ್ಬಿಗಳ ಕಾರ್ಖಾನೆ ನಡೆಸುವ ಸುದರ್ಶನರಿಗೆ ಮೊದಲ ಫೋನು ಮಾಡಿದಾಗಲೇ ತೊಡಕು ಶುರುವಾಯಿತು.

"ಬರಬಹುದು ಭುಜಂಗಣ್ಣ. ಆದ್ರೆ ಎಂಥದಕ್ಕೆ ಬರುವುದು?"

"ಮ್ಯಾಚ್ ನೋಡ್ಲಿಕ್ಕೆ."

"ಅದು ಸರಿ. ಆದ್ರೆ ನಾನು ಅಲ್ಲಿ ಯಾರು?"

"ಯಾರು ಅಂದ್ರೆ? ನೋಡುವವರು!"

ಸುದರ್ಶನರು, ಅವತ್ತು ತಮಗೆ ನವಿ ಮುಂಬಯಿಯಲ್ಲಿ ಒಂದು ಗೃಹಪ್ರವೇಶ ಉಂಟೆಂದೂ ಅದರ ಕಾರ್ಡಿನಲ್ಲಿ ತಮ್ಮ ಹೆಸರಿದೆಯೆಂದೂ ತಿಳಿಸಿ ಫೋನಿಟ್ಟರು.

ಎರಡನೆಯವರು, ಮೂರನೆಯವರು, ಹದಿನೇಳನೆಯವರು ಹೇಳಿದ್ದೂ ಅದೇ. ಯಾರೂ ಬರುವುದಿಲ್ಲ ಎನ್ನಲಿಲ್ಲ. ಯಾರಾಗಿ ಬರುವುದು ಎಂದು ಕೇಳಿದರು. ನಮ್ಮ ಜನ ಬಿಸಿಲು ತಡೆದಾರು, ಲೋಕಲ್ ಗಾಡಿಯ ನೂಕುನುಗ್ಗಲು ತಡೆದಾರು. ಹೆಸರಿಲ್ಲದೆ ಒಂದು ಕಡೆ ಸುಮ್ಮನೆ ಕೂತು ಬೇರೆಯವರನ್ನು ನೋಡಿ ಬರುವ ಕಷ್ಟವನ್ನು ಮಾತ್ರ ಅವರು ತಡೆಯಲಾರರು. ಭುಜಂಗನಿಗೆ ಮೈಯೆಲ್ಲ ಉರಿಯಿತು. ಉರಿಯುವ ಹಕ್ಕು ಅವನಿಗಿತ್ತೋ ಎಂಬುದು ಬೇರೆ ಮಾತು. ಹಿಂದಿನ ವರ್ಷ ಪತ್ರಿಕೆಯಲ್ಲಿ ತನ್ನ ಹೆಸರು ಮೂರನೆಯ ಸಾಲಿಗೆ ಬಂತೆಂದು ಸಂಘದ ವಾರ್ಷಿಕೋತ್ಸವಕ್ಕೇ ಹೋಗದವನು ಅವನು.

ಸಂಘದ ಕಾರ್ಯದರ್ಶಿ ಸಂಕರ್ಷಣ ರಾಯರು ದಾರಿ ತೋರಿಸಿದರು. "ಭುಜಂಗರೇ, ಬಿಸಿ ಆಗ್ಬೇಡಿ. ಒಂದು ಸಣ್ಣ ಸಭಾ ಕಾರ್ಯಕ್ರಮ ಇಟ್ಟುಬಿಡುವ. ಹೆಸರು ಹಾಕಿದ್ರೆ ಒಬ್ಬೊಬ್ಬರು ಮನೆಮಂದಿ ಎಲ್ಲ ಸೇರಿ ನಾಲ್ಕು ಜನ ಬರ್ತಾರೆ. ಐವತ್ತು ಹೆಸರು ಹಾಕಿದ್ರೆ ನಿಮ್ಮ ಇನ್ನೂರು ಆಯ್ತು. ಅಧ್ಯಕ್ಷತೆ ನಿಮ್ಮದೇ."

ಕೊನೆಯ ಮಾತು ಕೇಳಿದ ಮೇಲೆ ಭುಜಂಗ ಹೆಚ್ಚು ಯೋಚಿಸಲಿಲ್ಲ. ಉದ್ಘಾಟಕರು, ದೀಪ ಪ್ರಜ್ವಲನೆ ಮಾಡುವವರು, ಮುಖ್ಯ ಅತಿಥಿಗಳು ಆರು ಜನ, ಗೌರವ ಅತಿಥಿಗಳು ಹದಿನಾಲ್ಕು, ವಿಶೇಷ ಆಹ್ವಾನಿತರು, ಶುಭಾಶಂಸಕರು, ಗೌರವ ಉಪಸ್ಥಿತಿ ಎಂದು ಪಟ್ಟಿ ಇಳಿಯುತ್ತ ಹೋಯಿತು. ಗೃಹಪ್ರವೇಶ ಬಿಟ್ಟು ಬರಲೊಪ್ಪಿದ ಸುದರ್ಶನರು ಚೆಂಡಿನ ಅನಾವರಣಕಾರರಾದರು. ನಲವತ್ತಾರಕ್ಕೆ ಕಾಗದ ಮುಗಿಯಿತು.

ಭಾನುವಾರ ಬಂತು. ಭುಜಂಗ ಮಧ್ಯಾಹ್ನದ ಊಟದ ಪಾತ್ರೆಗಳನ್ನು ಟೆಂಪೋದಲ್ಲಿ ಏರಿಸಿಕೊಂಡು, ಶೀಳ್ ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಎದುರು ಬಂದ ಪ್ರತಿ ಲಾರಿಯವನಿಗೂ ಬೈದು ಡೊಂಬಿವಲಿ ತಲಪುವಾಗ ಹನ್ನೊಂದೂಕಾಲು. ಶಹಾಡಿನವರು ಆಗಲೇ ಪಶ್ಚಿಮದ ಗ್ಯಾಲರಿ ತುಂಬಿದ್ದರು. ಲೋಡಿಂಗಿನವರು, ಕಟ್ಟಡದ ಕೆಲಸದವರು, ರೊಟ್ಟಿ ಗಂಟು ಕಟ್ಟಿಕೊಂಡು ಬಂದ ಹೆಂಗಸರು. ಮಹಾದೇವಪ್ಪನ ಹೆಂಡತಿ ದಾನಮ್ಮ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ನಿಂತು, ಆಟ ಶುರುವಾಗುವ ಮೊದಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

"ನಮ್ಮವರೆಲ್ಲಿ?" ಎಂದು ಭುಜಂಗ ಗುಡುಗಿದ.

"ಎಲ್ಲ ಬಂದಿದ್ದಾರೆ, ಬನ್ನಿ ಬನ್ನಿ," ಎಂದು ರಾಯರು ಅವನ ಕೈ ಹಿಡಿದು ಎಳೆದೊಯ್ದರು. ಪೂರ್ವದ ಗ್ಯಾಲರಿಯ ಆಚೆ ಮೂಲೆಯಲ್ಲಿ ಭಾರೀ ಪೆಂಡಾಲು. ಬಟ್ಟೆ ಹೊದಿಸಿದ ಇನ್ನೂರು ಕುರ್ಚಿ. ಫ್ಯಾನು, ನೀರಿನ ಬಾಟಲಿ, ಕುರ್ಚಿ ತುಂಬ ಜನ! ಭುಜಂಗನ ಎದೆ ಉಬ್ಬಿತು. ಏನು ನಡೆಯುತ್ತಿದೆ ಎಂದು ಗೊತ್ತಾಗುವ ಮೊದಲೇ ಅವನ ತಲೆಗೆ ಪೇಟ ಬಿತ್ತು, ಕೊರಳಿಗೆ ಗಂಧದ ಹಾರ ಬಿತ್ತು, ಅವನು ವೇದಿಕೆಯ ನಟ್ಟನಡುವೆ ಕೂತಿದ್ದ. ಅವನ ಎಡಬಲಕ್ಕೆ, ಹಿಂದಕ್ಕೆ, ಮೂರು ಸಾಲಾಗಿ ನಲವತ್ತೈದು ಮಂದಿ.

ಇಲ್ಲಿ ಒಂದು ಮಾತು ಹೇಳಬೇಕು. ಸಂಘವು ಮೂವತ್ತು ವರ್ಷಗಳಿಂದ ವೇದಿಕೆ ಹಾಕುತ್ತ ಬಂದದ್ದು. ವೇದಿಕೆಯ ಎದುರಿಗೆ ಕುರ್ಚಿ, ವೇದಿಕೆಯ ಹಿಂದೆ ಬ್ಯಾನರ್. ಕಾರ್ಯಕ್ರಮ ಎಂಬುದು ಬ್ಯಾನರಿನ ಆಚೆಗೂ ನಡೆಯಬಹುದು ಎಂಬ ಅನುಮಾನ ಯಾರಿಗೂ ಬಂದಿರಲಿಲ್ಲ. ಹಾಗಾಗಿ ಕುರ್ಚಿಯಲ್ಲಿದ್ದವರು ವೇದಿಕೆಯನ್ನು ನೋಡುತ್ತಿದ್ದರು. ವೇದಿಕೆಯಲ್ಲಿದ್ದವರು ಕುರ್ಚಿಗಳನ್ನು ನೋಡುತ್ತಿದ್ದರು. ಅವರ ಬೆನ್ನ ಹಿಂದೆ 'ಬೃಹತ್ ಫುಟ್ಬಾಲ್ ಪಂದ್ಯಾಟ' ಎಂದು ಬರೆದ ಇಪ್ಪತ್ತು ಅಡಿ ಬ್ಯಾನರು ಫುಟ್ಬಾಲನ್ನು ಪೂರ್ತಿ ಮುಚ್ಚಿತ್ತು.

ಹನ್ನೊಂದೂವರೆಗೆ ರೆಫರಿ ಸೀಟಿ ಊದಿದ. ಸ್ವಲ್ಪ ಕಾಯಬೇಕೆಂದು ರಾಯರು ಮೈಕಿನಲ್ಲಿ ವಿನಂತಿಸಿದರು. ಕನ್ನಡ ಗೊತ್ತಿಲ್ಲದ ರೆಫರಿ ಆಟ ಶುರುಮಾಡಿಯೇಬಿಟ್ಟ. ಇತ್ತ ಪ್ರಾರ್ಥನೆ ಶುರುವಾಯಿತು. ಆಮೇಲೆ ಸ್ವಾಗತ ಭಾಷಣ. ನಲವತ್ತಾರು ಹೆಸರನ್ನೂ ಬಿರುದು ಸಮೇತ ಓದಲು ಹನ್ನೆರಡು ನಿಮಿಷ ಹಿಡಿಯಿತು. ಸುದರ್ಶನರು ಅರಿವೆ ಸರಿಸಿ ಚೆಂಡನ್ನು ಅನಾವರಣ ಮಾಡಿ, ತಾವು ಎಳವೆಯಲ್ಲಿ ಕಬಡ್ಡಿ ಆಡುತ್ತಿದ್ದ ಸಂಗತಿಯನ್ನು ವಿವರಿಸತೊಡಗಿದರು. ಅಷ್ಟರಲ್ಲಿ ಬ್ಯಾನರಿನ ಆಚೆ ದೊಡ್ಡ ಕೂಗೆದ್ದಿತು. ಸುದರ್ಶನರು ಅದನ್ನು ತಮಗೆ ಬಂದ ಚಪ್ಪಾಳೆಯೆಂದು ತಿಳಿದು ತಲೆಬಾಗಿ, ಮತ್ತೆ ಐದು ನಿಮಿಷ ಮಾತಾಡಿದರು.

ಭುಜಂಗ ಕತ್ತು ತಿರುಗಿಸಿ ನೋಡಿದ. ಬ್ಯಾನರಿನಲ್ಲಿ ಅವನದೇ ಫೋಟೋ. ಅದರ ಕಿವಿಯ ಆಚೆಯಿಂದ ಮಗಳ ದನಿ ಕೇಳುತ್ತಿತ್ತು. "ಮಾರ್ಕ್ ಕರ್! ಮಾರ್ಕ್ ಕರ್ ನಾ!" ಎಂದು ಅವಳು ಯಾರಿಗೋ ಅರಚುತ್ತಿದ್ದಳು. ಏಳಲು ಹೊರಟರೆ ರಾಯರು ಭುಜ ಅದುಮಿದರು. "ಅಧ್ಯಕ್ಷರು ಎದ್ರೆ ಸಭೆ ಮುಗಿದ ಹಾಗೆ. ಕೂತ್ಕೊಳ್ಳಿ."

ಅರ್ಧ ಆಟ ಮುಗಿದಾಗ ಸೂರಜ್ ಪುಸ್ತಕ ಹಿಡಿದು ವೇದಿಕೆಯ ಬಳಿ ಬಂದ. ಭುಜಂಗ ಪೇಟ ಸರಿಪಡಿಸಿಕೊಂಡು ಮುಗುಳ್ನಕ್ಕ.

"ಶಹಾಡ್ ನೂರ ಹನ್ನೆರಡು," ಎಂದ ಸೂರಜ್. "ಕೋಪರಿ ಒಂದು."

"ಏನು ಒಂದು?"

"ಒಂದು ಹೆಂಗಸು. ಕೊಡೆ ಹಿಡಿದುಕೊಂಡಿದ್ದಾರೆ."

ಅದು ಭುಜಂಗನ ಹೆಂಡತಿ ಪುಷ್ಪಾವತಿ. ಅವಳ ಹೆಸರು ಪತ್ರಿಕೆಯಲ್ಲಿ ಇರಲಿಲ್ಲವಾದ್ದರಿಂದ ಅವಳು ನೇರ ಹೋಗಿ ಗ್ಯಾಲರಿಯಲ್ಲಿ ಕೂತಿದ್ದಳು.

"ಕಣ್ಣು ಕಾಣುವುದಿಲ್ವಾ ನಿಮಗೆ?" ಭುಜಂಗ ಹಿಂದಿ ಮರಾಠಿ ಎರಡನ್ನೂ ಕಲಸಿ ಕೂಗಾಡಿದ. "ಈ ಇನ್ನೂರು ಜನ ಯಾರು? ಗೊಂಬೆಗಳಾ?"

"ಇವರು ನಿಮ್ಮನ್ನು ನೋಡುತ್ತಿದ್ದಾರೆ," ಎಂದ ಸೂರಜ್ ತಣ್ಣಗೆ. "ಮ್ಯಾಚು ಆ ಕಡೆ ಇದೆ. ಆಟ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಎಣಿಸುತ್ತೇನೆ. ಅದೇ ಕೊನೆ."

ಭುಜಂಗ ಮೈಕು ಕಸಿದುಕೊಂಡ. "ಎಲ್ಲರೂ ಏಳಿ! ಗ್ಯಾಲರಿಗೆ ನಡೀರಿ! ಈಗಲೇ!"

ಯಾರೂ ಏಳಲಿಲ್ಲ. ಶಾಲು ಆಗದ ಇಪ್ಪತ್ತೆರಡು ಮಂದಿ, ತಮ್ಮ ಶಾಲು ಆದ ಮೇಲೆ ಬರುತ್ತೇವೆ ಎಂದರು. ಶಾಲು ಆದವರು, ಶಾಲು ಹೊದ್ದುಕೊಂಡು ಸಿಮೆಂಟಿನ ಮೆಟ್ಟಿಲ ಮೇಲೆ ಕೂರುವುದು ಹೇಗೆ ಎಂದು ಕೇಳಿದರು. ಎದುರು ಕುರ್ಚಿಯ ಹೆಂಗಸರು, ತಮ್ಮ ತಮ್ಮ ಗಂಡಂದಿರ ಫೋಟೋ ತೆಗೆಯದೆ ಕದಲುವುದಿಲ್ಲ ಎಂದರು.

"ನಿಮ್ಮನ್ನು ಕರೆಸಿದ್ದು ಎಂಥದಕ್ಕೆ ಮಾರಾಯ್ರೆ?" ಭುಜಂಗ ಮೈಕಿನಲ್ಲೇ ಬೊಬ್ಬೆ ಹೊಡೆದ.

"ಆಮಂತ್ರಣದಲ್ಲಿ ಬರೆದದ್ದಕ್ಕೆ," ಎಂದರು ಸುದರ್ಶನರು ಅಷ್ಟೇ ಜೋರಾಗಿ. "ನಾನು ಅನಾವರಣಕಾರ. ಪ್ರೇಕ್ಷಕ ಅಂತ ಎಲ್ಲಿ ಹಾಕಿದ್ದೀರಿ, ತೋರಿಸಿ!"

ಅಲ್ಲೆಲ್ಲೂ ಹಾಕಿರಲಿಲ್ಲ. ಪತ್ರಿಕೆಯ ಕರಡು ತಿದ್ದಿದವನು ಭುಜಂಗನೇ.

ಎರಡನೆಯ ಅರ್ಧ ಶುರುವಾಯಿತು. ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ ಭುಜಂಗನಿಗೆ ಒಂದು ಉಪಾಯ ಹೊಳೆಯಿತು. ಸಿಟ್ಟಿನಲ್ಲಿ ಹೊಳೆಯುವ ಉಪಾಯಗಳ ಯೋಗ್ಯತೆ ನಮಗೆಲ್ಲ ಗೊತ್ತಿರುವುದೇ. ನಮ್ಮವರನ್ನು ಗ್ಯಾಲರಿಗೆ ಇಳಿಸಲು ಆಗದಿದ್ದರೆ ಶಹಾಡಿನವರನ್ನು ವೇದಿಕೆಗೆ ಏರಿಸಿದರಾಯಿತು! ಗ್ಯಾಲರಿ ಎರಡೂ ಖಾಲಿಯಾದರೆ ಪುಷ್ಪಾವತಿ ಒಬ್ಬಳಿಂದಲೇ ಕೋಪರಿ ಗೆದ್ದಂತೆ.

"ಶಹಾಡಿನಿಂದ ಬಂದ ಎಲ್ಲ ಬಂಧುಗಳಿಗೂ ವೇದಿಕೆಯಲ್ಲಿ ಶಾಲು ಹೊದಿಸಿ ಸನ್ಮಾನ ಉಂಟು," ಎಂದು ಅವನು ಸಾರಿದ. "ದಯವಿಟ್ಟು ಎಲ್ಲರೂ ಈ ಕಡೆ ಬರಬೇಕು. ಮುಖ್ಯವಾಗಿ ಮಹಾದೇವಪ್ಪನವರು."

ಪಶ್ಚಿಮದ ಗ್ಯಾಲರಿಯಲ್ಲಿ ಸ್ವಲ್ಪ ಗದ್ದಲವಾಯಿತು. ಬಂದವನು ಮಹಾದೇವಪ್ಪ ಒಬ್ಬನೇ, ಅದೂ ಓಡುತ್ತ, ಹಿಂದೆ ಹಿಂದೆ ನೋಡುತ್ತ. ವೇದಿಕೆ ಹತ್ತಿದವನಿಗೆ ಶಾಲು ಹೊದಿಸಿ ಕೈಗೆ ಮೈಕು ಕೊಟ್ಟರು. ಅವನು ಮೈಕನ್ನು ಬಾಯಿಗೆ ಹಿಡಿಯಲೇ ಇಲ್ಲ.

"ಸೇಠ್ರ, ಏನ್ ಮಾಡ್ಲಾಕತ್ತೀರಿ ಇಲ್ಲಿ? ಅಲ್ಲಿ ಒಂದಕ್ಕ ಒಂದು ಆಗ್ಯಾದ. ಈಗ ನಮಗ ಪೆನಾಲ್ಟಿ ಸಿಕ್ಕಾದ. ಗೋಲಿನಾಗ ನಿಂತಾಕಿ ನಿಮ್ಮ ಮಗಳಂತಲ್ರಿ? ಒಬ್ಬಾಕಿನೇ ನಿಂತಾಳ. ಆಕಿ ಹಿಂದ ನಿಮ್ಮವ್ರು ಒಂದು ನರಪಿಳ್ಳಿ ಇಲ್ಲ. ನಮಗರೇ ಒದರ್ಲಾಕ ನಾಚಿಕಿ ಬರ್ಲಾಕತ್ತಾದ."

ಆ ಗಳಿಗೆಯಲ್ಲಿ ಭುಜಂಗನಿಗೆ ಬಂದ ಸಿಟ್ಟು ಮಹಾದೇವಪ್ಪನ ಮೇಲಲ್ಲ, ಸುದರ್ಶನರ ಮೇಲೂ ಅಲ್ಲ. ತಿರುಗಿ ನೋಡಿದರೆ ಅಲ್ಲಿ ಇಪ್ಪತ್ತು ಅಡಿ ಬ್ಯಾನರಿನಲ್ಲಿ ಅವನ ಮುಖವೇ ಹಲ್ಲು ಬಿಟ್ಟುಕೊಂಡಿತ್ತು. "ನಿನ್ನ ಮನೆ ಹಾಳಾಗ!" ಎಂದು ಕೂಗುತ್ತ ಅವನು ಎರಡು ಸಾಲು ಗೌರವ ಅತಿಥಿಗಳನ್ನು ದಾಟಿ, ಒಬ್ಬರ ಹಣ್ಣಿನ ಬುಟ್ಟಿಯನ್ನು ತುಳಿದು, ಬ್ಯಾನರಿಗೆ ಕೈ ಹಾಕಿ ಎಳೆದ. ಹಗ್ಗ ಕಿತ್ತಿತು. ಬೃಹತ್ ಫುಟ್ಬಾಲ್ ಪಂದ್ಯಾಟ ಹದಿನಾಲ್ಕು ಗೌರವ ಅತಿಥಿಗಳ ತಲೆಯ ಮೇಲೆ ಬಿತ್ತು.

ಆಚೆ ಮೈದಾನವಿತ್ತು. ಸುಡುಬಿಸಿಲು. ಗೋಲಿನ ಎರಡು ಕಂಬಗಳ ನಡುವೆ ಅನುಷ್ಕಾ ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ ನಿಂತಿದ್ದಳು. ಮನೆಯಲ್ಲಿ ಮೊಬೈಲು ಹಿಡಿದು ಮೂಲೆಯಲ್ಲಿ ಬಿದ್ದಿರುವ ಹುಡುಗಿ ಇವಳೇನಾ ಎಂದು ಭುಜಂಗನಿಗೆ ಸಂಶಯ ಬಂತು. ಎರಡು ವರ್ಷದಿಂದ ಅವಳು ಆಡುತ್ತಿದ್ದಳು. ಅವನು ನೋಡಿದ್ದು ಇದೇ ಮೊದಲು.

ಶಹಾಡಿನ ಹುಡುಗಿ ಓಡಿಬಂದು ಒದ್ದಳು. ಅನುಷ್ಕಾ ಬಲಕ್ಕೆ ಹಾರಿದಳು. ಚೆಂಡು ಅವಳ ಬೆರಳ ತುದಿಗೆ ತಾಗಿ, ಕಂಬಕ್ಕೆ ಬಡಿದು, ಹೊರಗೆ ಹೋಯಿತು.

ಇನ್ನೂರು ಕುರ್ಚಿಗಳು ಒಟ್ಟಿಗೆ ಹಿಂದೆ ಸರಿದವು. ಎಲ್ಲರೂ ಎದ್ದು ನಿಂತಿದ್ದರು. "ಯಬ್ಬ! ಆ ಹುಡುಗಿ ಯಾರು ಮಾರಾಯ್ರೆ?" ಎಂದು ಬ್ಯಾನರಿನ ಅಡಿಯಿಂದ ತಲೆ ಹೊರಹಾಕಿದ ಯಾರೋ ಕೇಳಿದರು.

"ನನ್ನ ಮಗಳು! ನನ್ನ ಮಗಳು ಅವಳು!" ಎಂದ ಭುಜಂಗ. ಅವನು ಅದನ್ನೂ ಜಗಳಕ್ಕೆ ಬಂದವನ ಹಾಗೆಯೇ ಹೇಳಿದ. ಕಣ್ಣಲ್ಲಿ ನೀರು ತುಂಬಿತ್ತು.

ಇದೇ ಸಮಯ. ಇನ್ನು ಹತ್ತು ನಿಮಿಷದ ಆಟ ಬಾಕಿ. ಎದ್ದು ನಿಂತ ಇನ್ನೂರು ಜನ ನಾಲ್ಕು ಹೆಜ್ಜೆ ನಡೆದು ಗ್ಯಾಲರಿಯಲ್ಲಿ ಕೂತರೆ ಮೈದಾನ ಕೋಪರಿಗೆ. ಕೆಲವರು ಆ ಕಡೆ ಹೊರಟದ್ದೂ ಹೌದು. ಅಷ್ಟರಲ್ಲಿ ಸಭೆ ಕೈತಪ್ಪಿತೆಂದು ಗಾಬರಿಯಾದ ಸಂಕರ್ಷಣ ರಾಯರು ಮೈಕು ಹಿಡಿದರು. "ಸಭೆ ಇಲ್ಲಿಗೆ ಮುಗಿಯಿತು. ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು. ಊಟದ ವ್ಯವಸ್ಥೆ ಪೆಂಡಾಲಿನ ಹಿಂದುಗಡೆ."

ಎರಡು ನಿಮಿಷದಲ್ಲಿ ಪೆಂಡಾಲು ಖಾಲಿ.

ಭುಜಂಗ ರಾಯರನ್ನು ಹೊಡೆಯಲಿಲ್ಲ. ಅದೊಂದು ಅವನ ಜನ್ಮದಲ್ಲಿ ಮೆಚ್ಚಬೇಕಾದ ಸಂಗತಿ. ಪೇಟವನ್ನು ಅವರ ಕೈಗೆ ತುರುಕಿ, ವೇದಿಕೆಯಿಂದ ಧುಮುಕಿ, ಹಾರ ಹಾಕಿಕೊಂಡೇ ಗ್ಯಾಲರಿಗೆ ಓಡಿ ಹೆಂಡತಿಯ ಪಕ್ಕ ಕೂತ. ಸಿಮೆಂಟು ಕಾದು ಕೆಂಡವಾಗಿತ್ತು.

"ಈಗ ಸಿಕ್ಕಿತಾ ದಾರಿ?" ಎಂದಳು ಪುಷ್ಪಾವತಿ, ಕೊಡೆಯನ್ನು ಅವನ ಕಡೆ ಒಂದಿಷ್ಟೂ ವಾಲಿಸದೆ. "ನಿಮಗೆಂಥ ಮರ್ಲಾ, ಹುಚ್ಚಾ? ಅವಳು ಗಳಿಗೆಗೊಮ್ಮೆ ಈ ಕಡೆ ನೋಡ್ತಿದ್ದಳು. ನಾನು ಒಬ್ಬಳು ಎಷ್ಟು ಕೈ ಬೀಸುವುದು?"

ಭುಜಂಗ ಎದ್ದು ನಿಂತು, ಗಂಟಲು ಹರಿಯುವ ಹಾಗೆ ಮಗಳ ಹೆಸರು ಕೂಗಿದ. ರೆಫರಿಗೆ ಬೈದ, ಕೋಪರಿಯ ಹುಡುಗಿಯರಿಗೆ ಬೈದ, ಬಿಸಿಲಿಗೆ ಬೈದ. ಅನುಷ್ಕಾ ಒಮ್ಮೆ ತಿರುಗಿ ನೋಡಿ, ಗಂಧದ ಹಾರ ಹಾಕಿ ಕುಣಿಯುತ್ತಿದ್ದ ಅಪ್ಪನನ್ನು ಕಂಡು, ನಾಚಿಕೆಯಿಂದ ಗ್ಲೌಸಿನಲ್ಲಿ ಮುಖ ಮುಚ್ಚಿಕೊಂಡಳು.

ಆಟ ಒಂದಕ್ಕೊಂದು ಸಮವಾಗಿ ಮುಗಿಯಿತು. ಸೂರಜ್ ಎಣಿಸಿ ಬರೆದ. ಶಹಾಡ್ ನೂರ ಹನ್ನೆರಡು, ಕೋಪರಿ ಎರಡು.

ಆ ವಾರವಿಡೀ ಭುಜಂಗನ ಹೋಟೆಲಿನಲ್ಲಿ ಯಾರೂ ಎರಡನೆಯ ಸಲ ಸಾಂಬಾರು ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು? ಮನೆಯಲ್ಲಿ ಅನುಷ್ಕಾ ಬೂಟುಗಳನ್ನು ತೊಳೆದು, ಒಣಗಿಸಿ, ಅಟ್ಟಕ್ಕೆ ಹಾಕಿದಳು. ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ.

ಗುರುವಾರ ಮಹಾದೇವಪ್ಪ ಹೋಟೆಲಿಗೆ ಬಂದ. ಭುಜಂಗ ಗಲ್ಲಾದ ಹಿಂದಿನಿಂದಲೇ ಹೂಂಕರಿಸಿದ. "ಎಂಥದು? ಗೆದ್ದದ್ದು ಸಾಕಾಗ್ಲಿಲ್ವಾ?"

"ಗ್ರೌಂಡ್ ಸಿಕ್ತು, ಖರೆ ಅದ. ಆದ್ರ ನಮ್ಮ ಹುಡಿಗೇರು ಒಬ್ಬರೇ ಹ್ಯಾಂಗ ಆಡಬೇಕ್ರಿ? ಎದುರಿಗಿ ಒಂದು ಟೀಮ್ ಬೇಕಲ್ಲ. ಪ್ರತಿ ಐತಾರ ನಿಮ್ಮ ಹುಡಿಗೇರನ್ನ ಕಳಸ್ರಿ. ಆ ಪೆನಾಲ್ಟಿ ಹಿಡದಾಕಿ ಇಲ್ದಿದ್ರ ನಮ್ಮವ್ರಿಗೆ ಆಡ್ಲಾಕ ಮಜಾನೇ ಇಲ್ಲಂತ." ಅವನು ಮಡಚಿದ ಒಂದು ಹಾಳೆ ಮುಂದಿಟ್ಟ. "ನಾವೂ ಒಂದು ಪತ್ರಿಕಿ ಮಾಡೀವ್ರಿ. ಝೆರಾಕ್ಸ್ ಅದ."

ಭುಜಂಗ ಓದಿದ. ಶಹಾಡಿನ ಹನ್ನೊಂದು ಹೆಸರು. ಕೋಪರಿಯ ಹನ್ನೊಂದು ಹೆಸರು, ಅನುಷ್ಕಾಳದು ಮೊದಲು. ಅಧ್ಯಕ್ಷರಿಲ್ಲ, ಉದ್ಘಾಟಕರಿಲ್ಲ. ಎಲ್ಲಕ್ಕಿಂತ ಕೆಳಗೆ ಒಂದೇ ಸಾಲು: 'ಪ್ರೇಕ್ಷಕರು: ಶ್ರೀ ಭುಜಂಗ, ಕೋಪರಿ.'

ಅವನ ಮುಖ ಕೆಂಪಗಾಯಿತು. "ನನ್ನ ಹೆಸರು ಎಲ್ಲಕ್ಕಿಂತ ಕೆಳಗಾ? ಎಲ್ಲಕ್ಕಿಂತ ಕೆಳಗೆ! ಹನ್ನೊಂದು ವರ್ಷದ ಉಪಾಧ್ಯಕ್ಷ ನಾನು!" ಎಂದು ಅವನು ಹಾರಾಡಿದ್ದು ಸ್ಟೇಷನ್ನಿನ ತನಕ ಕೇಳಿಸಿತಂತೆ. ಹಾಗೆ ಹಾರಾಡುತ್ತಲೇ ಮಹಾದೇವಪ್ಪನಿಗೆ ಬನ್ಸ್ ತರಿಸಿದ, ಮೇಲಿಂದ ಕಾಫಿ ತರಿಸಿದ. ಸಂಜೆ ಮನೆಗೆ ಹೋಗಿ, ಸ್ಟೂಲು ಹತ್ತಿ, ಬೈಯುತ್ತ ಬೈಯುತ್ತ ಅಟ್ಟದಿಂದ ಬೂಟು ಇಳಿಸಿದ.

ಭಾನುವಾರ ಬೆಳಿಗ್ಗೆ ಅವನು ಮುಕ್ಕಾಲು ಗಂಟೆ ಮೊದಲೇ ಹೋಗಿ ಪೂರ್ವದ ಗ್ಯಾಲರಿಯ ಮೊದಲ ಮೆಟ್ಟಿಲಲ್ಲಿ ಕೂತ. ಪಕ್ಕದಲ್ಲಿ ಪುಷ್ಪಾವತಿ ಕೊಡೆ ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಸಂಕರ್ಷಣ ರಾಯರು, ಕೆಟ್ಟ ಹೆಸರು ತೊಳೆದುಕೊಳ್ಳುವ ಆಸೆಯಿಂದ, ಸಂಘದ ಹತ್ತು ಜನರನ್ನು ಕರೆದುಕೊಂಡು ಬಂದರು. ಬಂದವರು ನಗುನಗುತ್ತ ಭುಜಂಗನ ಬದಿಯಲ್ಲೇ ಕೂರಲು ಬಗ್ಗಿದರು.

ಭುಜಂಗ ಅಂಗಿಯ ಜೇಬಿನಿಂದ ಝೆರಾಕ್ಸ್ ಹಾಳೆ ತೆಗೆದು, ಬಿಡಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ರಾಯರ ಮೂಗಿನೆದುರು ಹಿಡಿದ.

"ಇದರಲ್ಲಿ ನಿಮ್ಮ ಹೆಸರುಂಟಾ?" ಎಂದು ಗುಡುಗಿದ. "ಇಲ್ಲವಲ್ಲ? ಹಾಗಾದ್ರೆ ಹಿಂದಿನ ಸಾಲಿಗೆ ನಡೀರಿ."